ಎಂಟನೆಯ ಸುತ್ತು

ಕತ್ತಲಲ್ಲಿ ಏನೋ ಸರ ಸರ ಅಂದಿತು. ಒಣ ಕಾಗದವನ್ನು ಬೆರಳ ನಡುವೆ ಹೊಸಕಿದಂಥ ಸಣ್ಣ ಸದ್ದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಇಲಿ ಇರಬೇಕು ಅಂದುಕೊಂಡೆ. ಆಮೇಲೆ ಅದು ಪಕ್ಕದ ದಿಂಬಿನಿಂದಲೇ ಬರುತ್ತಿದೆಯೆಂದು ತಿಳಿಯಿತು. ನನ್ನ ಗಂಡ ಅಂಗಾತ ಮಲಗಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಬಲಗಿವಿಯ ಪಕ್ಕ ಹಿಡಿದು ಉಜ್ಜುತ್ತಿದ್ದರು. ಸ್ವಲ್ಪ ಬಿಟ್ಟು ಎಡಗಿವಿಯ ಪಕ್ಕ. ಮತ್ತೆ ಬಲಕ್ಕೆ.

ನಾನು ನಿದ್ದೆಯಲ್ಲಿರುವವಳಂತೆ ಉಸಿರಾಡುತ್ತ ಮಲಗಿದ್ದೆ. ಎಡಗಡೆ ಉಜ್ಜುವಾಗ ಸದ್ದು ಒಂದಿಷ್ಟು ಜೋರಾಗಿತ್ತು. ಅಂದರೆ ಆ ಕಡೆ ಅವರು ಬೆರಳನ್ನು ಒತ್ತಿ ಉಜ್ಜುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಜ್ವರದ ಜೊತೆಗೆ ಅವರ ಎಡಗಿವಿಗೆ ಸೋಂಕು ತಗುಲಿತ್ತು. ಮೂರು ವಾರ ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತಂತೆ. ಆಮೇಲೆ ಮೆಲ್ಲಗೆ ತೆರೆದುಕೊಂಡಿತು. ಕಳೆದ ವಾರ ಕಿವಿ ಡಾಕ್ಟರು ಗೆರೆ ಎಳೆದ ಕಾಗದವೊಂದನ್ನು ನಮ್ಮ ಮುಂದಿಟ್ಟು, "ಸುಮಾರಾಗಿ ಎಲ್ಲಾ ಸರಿಹೋಗಿದೆ, ಕೆಲಸಕ್ಕೆ ಹೋಗಬಹುದು" ಎಂದರು. ಮೆಟ್ಟಿಲು ಇಳಿಯುವಾಗ ನನ್ನ ಗಂಡ ಆಡಿದ್ದು ಒಂದೇ ಮಾತು: "ಸುಮಾರು ಅಂದ್ರೆ ಎಷ್ಟು?"

ಬೇರೆ ಕೆಲಸದವರಾಗಿದ್ದರೆ ಸುಮಾರು ಸಾಕಿತ್ತು. ಇವರದು ಹಳೆಯ ಟೇಪುಗಳನ್ನು ತೊಳೆಯುವ ಕೆಲಸ. ತೊಳೆಯುವುದು ಎಂಬುದು ಅವರ ಆಫೀಸಿನವರ ಮಾತು. ಐವತ್ತು ಅರವತ್ತು ವರ್ಷ ಡಬ್ಬಿಯಲ್ಲಿ ಬಿದ್ದಿದ್ದ ದನಿಗಳನ್ನು ಹೊರಗೆ ತೆಗೆದು, ಅದರೊಳಗಿನ ಬುಸ್ಸನ್ನೂ ಚಟಪಟವನ್ನೂ ಒಂದೊಂದಾಗಿ ಬಿಡಿಸಿ ಹೊಸ ಪ್ರತಿ ಮಾಡುತ್ತಾರೆ. ಕಡಿಮೆ ತೊಳೆದರೆ ಕೊಳೆ ಉಳಿಯುತ್ತದೆ, ಹೆಚ್ಚು ತೊಳೆದರೆ ಹಾಡುವವರ ಉಸಿರೂ ಹೋಗುತ್ತದೆ. ಅದಾದರೂ ತಿದ್ದಿಕೊಳ್ಳಬಹುದಾದ ತಪ್ಪು. ತಿದ್ದಲಾಗದ್ದು ಅದಕ್ಕೂ ಮೊದಲು ಬರುತ್ತದೆ. ಟೇಪು ಓಡುವಾಗ ಯಂತ್ರದ ಒಂದು ತಿರುಪನ್ನು ಕಿವಿಯ ಅಂದಾಜಿನಲ್ಲೇ ಹೊಂದಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ದನಿಯ ಹೊಳಪು ಟೇಪಿನಲ್ಲೇ ಉಳಿದುಬಿಡುತ್ತದೆ. ಕೆಲವು ಟೇಪುಗಳು ಒಂದು ಸಲ ಓಡಿ ಪುಡಿಯಾಗಿ ಉದುರುತ್ತವೆ, ಇನ್ನೊಂದು ಸಲಕ್ಕೆ ಅವು ಇರುವುದಿಲ್ಲ.

ಸೋಮವಾರ ಅವರು ಕೆಲಸಕ್ಕೆ ಮರಳಬೇಕಿತ್ತು. ಅಥವಾ ಮೇಜಿನ ಎರಡನೆಯ ಡ್ರಾಯರಿನಲ್ಲಿದ್ದ ಪತ್ರವನ್ನು ಕಳಿಸಬೇಕಿತ್ತು. ಆ ಪತ್ರವನ್ನು ನಾನು ಅವರಿಗೆ ಗೊತ್ತಿಲ್ಲದಂತೆ ಓದಿದ್ದೆ. ಔಷಧಿಯ ಪೊಟ್ಟಣದೊಳಗೆ ಮಡಿಸಿ ಇಡುತ್ತಾರಲ್ಲ, ಆ ಚೀಟಿಗಳ ತಪ್ಪು ತಿದ್ದುವುದು ನನ್ನ ಕೆಲಸ. ಒಂದು ಚುಕ್ಕೆ ಆಚೀಚೆಯಾದರೆ ಒಂದು ಮಾತ್ರೆ ಹತ್ತಾಗುತ್ತದೆ. ಹದಿನೆಂಟು ವರ್ಷದಿಂದ ಅಡ್ಡಪರಿಣಾಮಗಳ ಪಟ್ಟಿ ಓದಿ ಓದಿ ನನಗೆ ಯಾವುದನ್ನು ನೋಡಿದರೂ ಅದರ ಕೆಳಗೆ ಸಣ್ಣಕ್ಷರದಲ್ಲಿ ಏನಿರಬಹುದು ಎಂಬ ಯೋಚನೆ. ಇವರ ರಾಜೀನಾಮೆಯಲ್ಲಿ ಒಂದು ಅಲ್ಪವಿರಾಮವೂ ಹೆಚ್ಚಿರಲಿಲ್ಲ. ಅಷ್ಟು ನಿಧಾನವಾಗಿ ಕೂತು ಬರೆದಿದ್ದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಒಳ್ಳೆಯ ಸ್ಪೀಕರು ಕೊಳ್ಳಬೇಕೆಂಬ ಆಸೆ ಹದಿನೈದು ವರ್ಷದ್ದು. ಅದಕ್ಕೆಂದು ತೆಗೆದಿಟ್ಟದ್ದೂ ಇತ್ತು. ಈಗ ಅವರು ಆ ಆಸೆಯನ್ನೇ ತಮ್ಮ ಪರೀಕ್ಷೆ ಮಾಡಿಕೊಂಡರು. ಒಂದೇ ದರ್ಜೆಯ, ಬೇರೆ ಬೇರೆ ಕಂಪನಿಯ ಎರಡು ಜೊತೆಯನ್ನು ಅಂಗಡಿಯಿಂದ ಒಂದು ವಾರಕ್ಕೆ ತರಿಸುವುದು. ಯಾವುದು ಹಾಡುತ್ತಿದೆಯೆಂದು ನೋಡದೆ ಹೇಳಬೇಕು, ಹತ್ತು ಸುತ್ತು. "ಒಂಬತ್ತು ಸರಿ ಬಂದ್ರೆ ಅದರಲ್ಲಿ ಇಷ್ಟವಾದದ್ದು ಇಟ್ಕೊಳ್ಳೋಣ, ಸೋಮವಾರ ಕೆಲಸಕ್ಕೆ ಹೋಗ್ತೀನಿ. ಇಲ್ಲಾಂದ್ರೆ ಎರಡನ್ನೂ ವಾಪಸ್ ಕಳಿಸೋಣ. ಕಿವಿ ಇಲ್ಲದೋನಿಗೆ ಯಾವುದಾದ್ರೇನು."

"ಪತ್ರ?" ಅಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಓದಿದ್ಯಾ? ತಪ್ಪಿತ್ತಾ?"

"ಇರಲಿಲ್ಲ."

"ಹಾಗಾದ್ರೆ ಅದೂ ಹೋಗುತ್ತೆ" ಅಂದರು.

ಮಂಗಳವಾರ ಅಂಗಡಿಯವರು ಇಬ್ಬರು ಕೂಲಿಯವರೊಂದಿಗೆ ಬಂದರು. ಬಡಕಲು ಮನುಷ್ಯ, ಮೆಲುಮಾತು. ಹೊಸಿಲ ಹೊರಗೆ ಬೂಟು ಬಿಚ್ಚಿ ಕಾಲುಚೀಲದಲ್ಲೇ ಓಡಾಡಿ, ಎರಡು ಜೊತೆಯನ್ನೂ ನಡುಮನೆಯ ಉದ್ದ ಗೋಡೆಗೆ ನಿಲ್ಲಿಸಿ, ತಮ್ಮ ಕರ್ಚೀಫಿನಿಂದಲೇ ಒರೆಸಿದರು. ಒಂದು ಜೊತೆ ನನ್ನ ಎದೆಯ ಎತ್ತರ, ಕಪ್ಪು, ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಜೊತೆ ಕಾಲುಮಣೆಯ ಮೇಲೆ ಕೂರಿಸಿದ ಮರದ ಪೆಟ್ಟಿಗೆಗಳು. ಕಂಪನಿಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಒಂದು ಗಂಟೆಯೊಳಗೆ ಅವು ಉದ್ದದವು ಮತ್ತು ಕುಳ್ಳದವು ಆಗಿದ್ದವು.

ಅತ್ತೆ ಕೋಣೆಯಿಂದ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇಷ್ಟು ದೊಡ್ಡ ಬೀರು ತರಿಸಿದೀಯ, ಒಂದು ಬಾಗಿಲಾದ್ರೂ ಬೇಡವೇನೋ? ನಾಲ್ಕು ಬಟ್ಟೆ ಇಡಬಹುದಿತ್ತು."

"ಅಮ್ಮಾ, ಇದು ಸ್ಪೀಕರು."

"ಗೊತ್ತಪ್ಪ. ನನ್ನ ರೇಡಿಯೋದಲ್ಲೂ ಇದೆ ಒಂದು, ಅಂಗೈಯಷ್ಟು. ಅದಕ್ಕೆ ಯಾರೂ ಕಾಲುಮಣೆ ಕೊಡಲಿಲ್ಲ."

ಅಂಗಡಿಯವರು ನಕ್ಕರು. "ಎರಡು ದಿನ ಸುಮ್ನೆ ಹಾಡಿಸ್ತಾ ಇರಿ ಸರ್. ಹೊಸದು, ಗಂಟಲು ಬಿಡಬೇಕು."

"ಗಂಟಲಿಗೆ ಬಿಸಿನೀರೂ ಕೊಡಬೇಕೇನಪ್ಪ?" ಅಂದರು ಅತ್ತೆ.

ಹೊರಡುವ ಮೊದಲು ಅಂಗಡಿಯವರು ನನ್ನನ್ನು ಕರೆದು ಒಂದು ಪುಟ್ಟ ಡಬ್ಬಿ ತೋರಿಸಿದರು. ಅದರ ಮೇಲೆ ಒಂದು ಗುಂಡಿ. ಒಂದಕ್ಕೆ ತಿರುಗಿಸಿದರೆ ಕುಳ್ಳದವು ಹಾಡುತ್ತವೆ, ಎರಡಕ್ಕೆ ತಿರುಗಿಸಿದರೆ ಉದ್ದದವು. ಬದಲಾಗುವಾಗ ಒಳಗೆ ಟಕ್ ಎನ್ನುತ್ತದೆ. "ಇನ್ನೊಂದು ಮಾತು ಮೇಡಂ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅನಿಸಿಬಿಡುತ್ತೆ. ನಮ್ಮ ಅರ್ಧ ವ್ಯಾಪಾರ ನಡೆಯೋದೇ ಅದರ ಮೇಲೆ. ಉದ್ದದವು ಸ್ವಭಾವದಲ್ಲೇ ಜೋರು. ಅವು ಹಾಡುವಾಗ ವಾಲ್ಯೂಮು ಎರಡು ಗೀಟು ಇಳಿಸಿ, ಕುಳ್ಳದಕ್ಕೆ ಬಂದಾಗ ಎರಡು ಗೀಟು ಏರಿಸಿ. ಆಗ ಎರಡೂ ಸಮ."

ನಾನು ಬರೆದುಕೊಂಡೆ. ಎರಡು ಸಲ ಓದಿ ಹೇಳಿದೆ.

ಆ ಮೂರು ದಿನ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡು. ಕಣ್ಣು ಬಿಟ್ಟು ಕೇಳುವಾಗ ನನಗೂ ವ್ಯತ್ಯಾಸ ತಿಳಿಯುತ್ತಿತ್ತು. ಉದ್ದದವುಗಳಲ್ಲಿ ಹಾಡುವವರು ವೇದಿಕೆಯ ಮೇಲೆ ನಿಂತಿರುತ್ತಿದ್ದರು, ಕುಳ್ಳದವುಗಳಲ್ಲಿ ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನನಗೆ ಉದ್ದದವೇ ಇಷ್ಟ. ಹಾಗೆ ಹೇಳಿದಾಗ ನನ್ನ ಗಂಡ, "ನಿನಗೆ ಮೊದಲಿಂದ ದೂರ ನಿಂತವರೇ ಇಷ್ಟ" ಅಂದರು. ಬಹಳ ದಿನದ ಮೇಲೆ ಆಡಿದ ತಮಾಷೆ. ಆದರೆ ಹಾಡು ಕೇಳುತ್ತ ಕೂತವರು ಇದ್ದಕ್ಕಿದ್ದಂತೆ ತಲೆಯನ್ನು ಎಡಕ್ಕೆ ತಿರುಗಿಸುತ್ತಿದ್ದರು, ಮತ್ತೆ ನೇರ, ಮತ್ತೆ ಎಡಕ್ಕೆ. ಯಾರೋ ಕರೆದರೋ ಇಲ್ಲವೋ ಎಂದು ಅನುಮಾನ ಬಂದವರ ಹಾಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಎಣಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಕಿಟಕಿಯ ತೆಳು ಪರದೆಯನ್ನು ಬಿಚ್ಚಿ ನಡುಮನೆಗೆ ಅಡ್ಡ ಕಟ್ಟಿದೆವು. ಅದರ ಮುಂದೆ ಅವರ ಕುರ್ಚಿ, ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲು. ಹಿಂದೆ ಸ್ಪೀಕರುಗಳು, ಅವುಗಳ ಬೆನ್ನಿಗೆ ನಾನು, ಒಂದು ಕುಳ್ಳ ಮೇಜು, ಬರೆದುಕೊಳ್ಳಲು ಸಣ್ಣ ದೀಪ. ಟಕ್ ಸದ್ದು ಕೇಳಿಸಿದರೆ ಸ್ಪೀಕರು ಬದಲಾದ ಸುಳಿವು ಸಿಕ್ಕೀತು ಎಂದು ಡಬ್ಬಿಯನ್ನು ದಪ್ಪ ಟವೆಲಿನಲ್ಲಿ ಎರಡು ಸುತ್ತು ಸುತ್ತಿ, ಗುಂಡಿಯೊಂದನ್ನು ಮಾತ್ರ ಹೊರಗೆ ಬಿಟ್ಟಿದ್ದರು. ಪ್ರತಿ ಸುತ್ತಿಗೆ ಮೊದಲು ನಾನು ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಉದ್ದ, ಅಂಕಿ ಬಿದ್ದರೆ ಕುಳ್ಳ. ಗುಂಡಿ ತಿರುಗಿಸಿ, ವಾಲ್ಯೂಮು ಹೊಂದಿಸಿ, ನನ್ನ ಚೀಟಿಯಲ್ಲಿ ಬರೆದು, ಹಾಡು ಬಿಡಬೇಕು.

ಹಾಡು ಅವರೇ ಮೂರು ವರ್ಷದ ಹಿಂದೆ ತೊಳೆದದ್ದು. ಯಾವುದೋ ಶಾಲೆಯ ಸಭಾಂಗಣ, ಹೆಸರು ದಾಖಲಾಗದ ಒಬ್ಬ ಹೆಂಗಸಿನ ದನಿ, ಜೊತೆಗೆ ಪಿಟೀಲು. ಹಾಡುವ ಮೊದಲು ಆಕೆ ಉಸಿರೆಳೆದುಕೊಳ್ಳುತ್ತಾಳೆ, ಕುರ್ಚಿ ಕಿರ್ ಎನ್ನುತ್ತದೆ. ಒಂದು ನಿಮಿಷದ ತುಣುಕು.

ಉದ್ದ. ಕುಳ್ಳ. ಉದ್ದ. ಮೂರು ಸುತ್ತು ಮುಗಿಯಿತು. ಸ್ಪೀಕರುಗಳ ಬೆನ್ನ ಹಿಂದೆ ಎಲ್ಲ ಹಾಡೂ ಗೋಡೆಯಾಚೆಯ ಹಾಡಿನಂತೆ ಮಂದ. ಹೇಗೂ ನಾನು ಕೇಳುತ್ತಿದ್ದದ್ದು ಹಾಡನ್ನಲ್ಲ, ಅವರ ಪೆನ್ಸಿಲಿನ ಸದ್ದನ್ನು. ಬೇಗ ಬರೆದರೆ ಗೊತ್ತಿದೆ ಎಂದು, ತಡವಾದರೆ ಇಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಮೂರೂ ಸಲ ಬೇಗ ಬರೆದಿದ್ದರು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು. "ಹಾಲು ಉಕ್ತಾ ಇದೆ, ಯಾರಾದ್ರೂ ಬರ್ತೀರೋ, ಅದಕ್ಕೂ ಪರದೆ ಕಟ್ಟಲೋ!"

ಕೈಗೆ ಸಿಕ್ಕ ಸ್ವಿಚ್ಚು ಆರಿಸಿ ಓಡಿದೆ. ಕೋಣೆ ಬಿಡುವಾಗ ಸ್ವಿಚ್ಚು ಆರಿಸದಿದ್ದರೆ ನನಗೆ ಮುಂದಿನ ಕೋಣೆಯಲ್ಲಿ ಕಾಲು ನಿಲ್ಲುವುದಿಲ್ಲ. ಅರ್ಧ ಹಾಲು ಒಲೆಯ ಮೇಲಿತ್ತು. ಒರೆಸಿ, ಕೈ ತೊಳೆದು, ಬಂದು ದೀಪ ಹಾಕಿ ಕೂತೆ. ಉಳಿದ ಏಳು ಸುತ್ತು ಒಂದೇ ಓಟದಲ್ಲಿ ಮುಗಿಸಿದೆವು. ಪೆನ್ಸಿಲು ಈಗ ನಿಧಾನವಾಗಿತ್ತು. ಐದನೆಯ ಸುತ್ತಿನಲ್ಲಿ ಬಹಳ ಹೊತ್ತು ಸದ್ದಿಲ್ಲ, ಆಮೇಲೆ ಒಂದಲ್ಲ, ಎರಡು ಪದ ಬರೆದ ಸದ್ದು. ಏಳರಲ್ಲೂ ಹಾಗೇ.

ಮುಗಿದ ಮೇಲೆ ಅವರು ಪರದೆಯ ಅಂಚಿನಿಂದ ಕಾಗದ ಚಾಚಿದರು. ಮುಖ ತೋರಿಸಲಿಲ್ಲ. "ನಾಲ್ಕರಿಂದ ಆಚೆ ನನಗೆ ಎಲ್ಲಾ ಕುಳ್ಳದ್ದೇ ಕೇಳಿಸ್ತು. ಕಿವಿ ಅಂಟಿಕೊಂಡ ಹಾಗೆ. ಆದ್ರೂ ಏನು ಕೇಳಿಸ್ತೋ ಅದನ್ನೇ ಬರೆದಿದೀನಿ. ಊಹೆ ಮಾಡಿಲ್ಲ."

ದೀಪದ ಕೆಳಗೆ ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟೆ. ಮೊದಲ ಮೂರು ಸರಿ. ನಾಲ್ಕು ಸರಿ. ಐದು: ನನ್ನದರಲ್ಲಿ ಉದ್ದ, ಅವರದರಲ್ಲಿ 'ಕುಳ್ಳ, ತಗ್ಗು'. ಆರು ಸರಿ. ಏಳು, ಎಂಟು: ನನ್ನದರಲ್ಲಿ ಉದ್ದ, ಅವರದರಲ್ಲಿ 'ಕುಳ್ಳ, ತಗ್ಗು'. ಒಂಬತ್ತು ಸರಿ. ಹತ್ತು ಮತ್ತೆ ತಪ್ಪು. ಒಟ್ಟು ಆರು ಸರಿ, ನಾಲ್ಕು ತಪ್ಪು. ಕಣ್ಣು ಮುಚ್ಚಿ ಅತ್ತೆ ಹೇಳಿದ್ದರೂ ಐದು ಸರಿಯಾಗುತ್ತಿತ್ತು.

ಪರದೆಯಾಚೆ ಅವರು ಕಾಯುತ್ತಿದ್ದರು. ನಾನು ಇನ್ನೊಂದು ಚೀಟಿ ತೆಗೆದುಕೊಂಡೆ. ಮೊದಲಿಂದ ಬರೆದೆ. ಐದು, ಏಳು, ಹತ್ತರಲ್ಲಿ ಉದ್ದ ಎಂದಿದ್ದದ್ದನ್ನು ಕುಳ್ಳ ಎಂದು ಬರೆದೆ. ಎಂಟನ್ನು ಹಾಗೇ ಬಿಟ್ಟೆ. ಹತ್ತಕ್ಕೆ ಹತ್ತು ಬಂದರೆ ಅವರು ನಂಬುವುದಿಲ್ಲ ಎಂಬಷ್ಟು ಅವರನ್ನು ಬಲ್ಲೆ. ಬೇರೆಯವರ ಬರಹದಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವಳು ಕುಳಿತು ಲಕ್ಷಣವಾಗಿ ಒಂದು ಸುಳ್ಳು ತಯಾರು ಮಾಡಿದೆ.

"ಒಂಬತ್ತು" ಅಂದೆ.

ಪರದೆ ಸರಿಯಿತು. "ಏನಂದೆ?"

"ಒಂಬತ್ತು ಸರಿ. ಎಂಟನೇದು ತಪ್ಪಿದೆ."

ಅವರು ಚೀಟಿಯನ್ನು ಕಿತ್ತುಕೊಂಡು ಓದಿದರು. "ಕೊನೆ ಏಳರಲ್ಲಿ ಆರು ಸಲ ಅಂಕಿನೇ ಬಿತ್ತಾ?"

"ನಾಣ್ಯ ನನ್ನ ಕೇಳಿ ಬೀಳುತ್ತಾ?"

"ಅಲ್ಲ, ಬೀಳಬಹುದು. ಅದಕ್ಕೇನು ಹಿಂದಿನದು ನೆನಪಿರುತ್ತಾ." ತಾವೇ ನನ್ನ ಪರವಾಗಿ ವಾದಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿತು. "ನಾಲ್ಕು ಸಲ ದನಿ ತಗ್ಗಿತ್ತಲ್ಲ? ಬರೆದಿದೀನಿ ನೋಡು. ಎರಡು ಗೀಟಿನಷ್ಟು."

"ಕೈ ತಪ್ಪಿರಬೇಕು ರೀ. ಹಾಲಿನ ಗಡಿಬಿಡಿ."

ಅವರು ದೊಡ್ಡದಾಗಿ ನಕ್ಕರು. "ಅಮ್ಮಾ! ನಿನ್ನ ಮಗನ ಕಿವಿ ಸರಿಯಿದೆ, ಸೊಸೆ ಕೈಯೇ ಸರಿಯಿಲ್ಲ!"

"ಕಿವಿ ಸರಿಯಿದ್ರೆ ನಾನು ಕರೆದಾಗ ಬರಬೇಕಿತ್ತು" ಅಂದರು ಅತ್ತೆ, ಸುಟ್ಟ ಪಾತ್ರೆ ಉಜ್ಜುತ್ತ.

ಆ ದಿನ ಮಧ್ಯಾಹ್ನ ಅವರು ಎರಡು ಸಲ ಬಡಿಸಿಕೊಂಡು ಉಂಡರು. ನಾನು ಬಡಿಸುತ್ತ ಯೋಚಿಸುತ್ತಿದ್ದೆ. ಯಾರದೋ ಅಜ್ಜಿಯ ದನಿ, ಯಾರದೋ ತೀರಿಕೊಂಡ ಗಂಡನ ಭಾಷಣ, ಪ್ರಪಂಚದಲ್ಲಿ ಒಂದೇ ಪ್ರತಿ ಇರುವಂಥದ್ದು, ಸೋಮವಾರ ಇವರ ಕೈಗೆ ಬರುತ್ತದೆ. ತಿರುಪು ತಪ್ಪುತ್ತದೆ. ಯಾರಿಗೂ ಗೊತ್ತಾಗುವುದೂ ಇಲ್ಲ, ಮಂಕಾದ ದನಿಯೇ ಅವರ ನಿಜವಾದ ದನಿ ಅಂದುಕೊಳ್ಳುತ್ತಾರೆ. ಆ ತಪ್ಪಿಗೆ ಸಹಿ ಹಾಕಿದವಳು ನಾನು. ಹೇಳಿಬಿಡಬೇಕು ಎಂದು ಮೂರು ಸಲ ನಡುಮನೆಗೆ ಹೋದೆ. ಮೂರು ಸಲವೂ ಅವರು ಏನೋ ಗುನುಗುತ್ತಿದ್ದರು. ನಾಲ್ಕು ತಿಂಗಳಿಂದ ಗುನುಗಿರಲಿಲ್ಲ.

ಆದರೆ ಭಾನುವಾರ ಬೆಳಿಗ್ಗೆ ಗುನುಗು ನಿಂತಿತ್ತು. ಅದೇ ತುಣುಕನ್ನು ಉದ್ದದವುಗಳಲ್ಲಿ ಹಾಕಿ ಹಾಕಿ ಕೇಳುತ್ತಿದ್ದರು.

"ಸಾಕಲ್ಲ ಇನ್ನು? ಕುಳ್ಳದವನ್ನೇ ಇಟ್ಕೊಳ್ಳೋದು ಅಂತ ಆಯ್ತಲ್ಲ" ಅಂದೆ.

"ಎಂಟನೇ ಸುತ್ತು" ಅಂದರು.

"ಹತ್ತರಲ್ಲಿ ಒಂದು ತಪ್ಪೋದು ಸಹಜ. ನೀವೇ ತಾನೆ ಒಂಬತ್ತು ಸಾಕು ಅಂದಿದ್ದು?"

"ತಪ್ಪೋದು ಬೇರೆ. ನನಗೆ ಅನುಮಾನ ಇದ್ದು ತಪ್ಪಿದ್ರೆ ಪರವಾಗಿಲ್ಲ. ಎಂಟರಲ್ಲಿ ನನಗೆ ಅನುಮಾನಾನೇ ಇರಲಿಲ್ಲ. ಆಣೆ ಮಾಡಿ ಹೇಳ್ತಿದ್ದೆ, ಹಾಡಿದ್ದು ಕುಳ್ಳದ್ದೇ ಅಂತ." ಅವರು ಎಡಗಿವಿಯ ತುದಿಯನ್ನು ಎಳೆದುಕೊಂಡರು. "ಅಷ್ಟು ಗಟ್ಟಿಯಾಗಿ ಗೊತ್ತಿದ್ದು ತಪ್ಪಿದ್ರೆ, ಕೆಲಸದಲ್ಲೂ ಹಾಗೇ ಆಗುತ್ತೆ. ಟೇಪು ಮುಗಿದಿರುತ್ತೆ, ನಾನು ಸರಿಯಿದೆ ಅಂತ ಎದ್ದು ಬಂದಿರ್ತೀನಿ."

ಮಧ್ಯಾಹ್ನ ಅವರು ಅಂಗಿಗೆ ಇಸ್ತ್ರಿ ಹಾಕಲು ಕೂತರು. ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಡ್ರಾಯರಿನ ಪತ್ರವೂ ಇತ್ತು. ಯಾವುದಕ್ಕೂ ಇರಲಿ ಎಂಬಂತೆ. ನಾನು ನಂಬಿಕೆ ಬರಲೆಂದು ಉಳಿಸಿದ ಒಂದು ತಪ್ಪು ಉಳಿದ ಒಂಬತ್ತನ್ನೂ ತಿಂದುಹಾಕಿತ್ತು.

ನಾಲ್ಕು ಗಂಟೆಗೆ ಅಂಗಡಿಯವರು ಉದ್ದದವನ್ನೂ ಡಬ್ಬಿಯನ್ನೂ ಒಯ್ಯಲು ಬಂದರು. ಕೂಲಿಯವರು ಉದ್ದದವನ್ನು ಕಂಬಳಿಯಲ್ಲಿ ಸುತ್ತುತ್ತಿದ್ದಾಗ ನಾನು ಕುಳ್ಳ ಮೇಜಿನ ಹತ್ತಿರ ಕೂತು ಟವೆಲು ಬಿಚ್ಚಿದೆ. ಡಬ್ಬಿಯ ಮುಂದೆ ಸಾಸಿವೆಯಷ್ಟು ಒಂದು ಹಸಿರು ದೀಪ ಇರುತ್ತಿತ್ತು. ಅದು ಆರಿತ್ತು.

"ಇದು ಕೆಟ್ಟಿದೆಯಾ ನೋಡಿ" ಅಂದೆ.

ಅಂಗಡಿಯವರು ಬಗ್ಗಿ ನೋಡಿದರು. "ಕೆಟ್ಟಿಲ್ಲ ಮೇಡಂ, ಕರೆಂಟೇ ಇಲ್ಲ." ನೆಲದ ಮೇಲಿದ್ದ ಪ್ಲಗ್ಗಿನ ಪಟ್ಟಿಯಲ್ಲಿ ಎರಡು ಸ್ವಿಚ್ಚು ಅಂಟಿಕೊಂಡಂತೆ ಇದ್ದವು, ಒಂದು ನನ್ನ ದೀಪದ್ದು, ಇನ್ನೊಂದು ಡಬ್ಬಿಯದು. ಡಬ್ಬಿಯದನ್ನು ಅವರು ಒತ್ತಿದರು. ಹಸಿರು ದೀಪ ಹೊತ್ತಿತು, ಒಳಗೆ ಟಕ್ ಎಂದಿತು.

"ಕರೆಂಟು ಇಲ್ಲದಿದ್ರೆ ಇದು ಏನು ಮಾಡುತ್ತೆ? ಹಾಡು ನಿಂತುಹೋಗಲ್ವಾ?"

"ಇಲ್ಲ, ಇಲ್ಲ. ಕರೆಂಟು ಹೋದ್ರೆ ತಾನಾಗಿ ಒಂದನೇ ನಂಬರಿಗೆ ಬಂದುಬಿಡುತ್ತೆ. ನಿಮ್ಮಲ್ಲಿ ಕುಳ್ಳದ್ದು. ಆಮೇಲೆ ನೀವು ಗುಂಡಿ ಎಷ್ಟು ತಿರುಗಿಸಿದ್ರೂ ಅಷ್ಟೇ. ಯಾಕೆ ಮೇಡಂ?"

"ಸುಮ್ನೆ ಕೇಳಿದೆ."

"ಹಾಗಾದ್ರೆ ಇವತ್ತು ಸರ್ ಉದ್ದದ್ದು ಕೇಳಲೇ ಇಲ್ವಾ?"

"ಬೆಳಿಗ್ಗೆ ಕೇಳಿದ್ರು, ಡಬ್ಬಿ ಬಿಟ್ಟು ನೇರವಾಗಿ ವೈರು ಸಿಕ್ಕಿಸಿಕೊಂಡು."

ಅಂಗಡಿಯವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಕೂಲಿಯವರಿಗೆ ಬಾಗಿಲ ಚೌಕಟ್ಟು ತೋರಿಸುತ್ತ ಹೊರಟರು. ನಾನು ಆಫೀಸಿನ ಕೈಚೀಲ ಹಿಡಿದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ನನ್ನ ಮೊದಲ ಚೀಟಿ ಚೀಲದಲ್ಲೇ ಇತ್ತು. ಕೆಲಸ ಪೂರ್ತಿ ಮುಗಿಯುವವರೆಗೆ ತಪ್ಪಿನ ಪ್ರತಿಯನ್ನೂ ಎಸೆಯಬಾರದೆಂಬುದು ಆಫೀಸಿನ ಅಭ್ಯಾಸ. ಅವರ ಕಾಗದವೂ ಇತ್ತು. ಎರಡನ್ನೂ ಬಟ್ಟೆಯ ಬುಟ್ಟಿಯ ಮುಚ್ಚಳದ ಮೇಲೆ ಇಟ್ಟೆ.

ಹಾಲು ಉಕ್ಕಿದ್ದು ಮೂರನೆಯ ಸುತ್ತು ಮುಗಿದಾಗ. ಆಗ ನಾನು ಆರಿಸಿದ್ದು ಎರಡೂ ಸ್ವಿಚ್ಚು, ಬಂದು ಹಾಕಿದ್ದು ದೀಪದ್ದೊಂದು. ನಾಲ್ಕರಿಂದ ಹತ್ತರವರೆಗೆ ಹಾಡಿದ್ದು ಕುಳ್ಳದವೇ. ಅವರು ನಾಲ್ಕರಿಂದ ಹತ್ತರವರೆಗೆ ಕುಳ್ಳ ಎಂದೇ ಬರೆದಿದ್ದರು. ಅದಷ್ಟೇ ಅಲ್ಲ. ಐದು, ಏಳು, ಎಂಟು, ಹತ್ತು ಸುತ್ತುಗಳಲ್ಲಿ ಉದ್ದದವು ಹಾಡುತ್ತಿವೆಯೆಂದು ನಂಬಿ ನಾನು ವಾಲ್ಯೂಮನ್ನು ಎರಡು ಗೀಟು ಇಳಿಸಿದ್ದೆ. ಅದೇ ನಾಲ್ಕು ಸುತ್ತುಗಳ ಎದುರಿಗೆ, ಬೇರೆಲ್ಲೂ ಇಲ್ಲದೆ, ಅವರ ಸಣ್ಣ ಅಕ್ಷರದಲ್ಲಿ 'ತಗ್ಗು' ಎಂದಿತ್ತು. ನಾನು ಮಾಡಿದ ತಪ್ಪಿನ ಒಂದೊಂದು ಗುರುತನ್ನೂ ಅವರ ಕಿವಿ ಹಿಡಿದಿಟ್ಟಿತ್ತು. ಹತ್ತಕ್ಕೆ ಹತ್ತಲ್ಲ, ಅದಕ್ಕಿಂತ ಹೆಚ್ಚು.

ನಲ್ಲಿ ಬಿಟ್ಟುಕೊಂಡು ಒಂದಿಷ್ಟು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡೆ.

ಓಡಿಹೋಗಿ ಎರಡು ಕಾಗದವನ್ನೂ ಅವರ ಮುಂದೆ ಹಿಡಿಯಬಹುದಿತ್ತು. ಆ ನಾಲ್ಕು 'ತಗ್ಗು'ಗಳನ್ನು ನೋಡಿದರೆ ಅವರು ಹತ್ತು ಸ್ಪೀಕರು ಕೊಂಡಷ್ಟು ಹಿಗ್ಗುತ್ತಿದ್ದರು. ಆದರೆ ಮುಂದಿನ ಪ್ರಶ್ನೆ ಬರುತ್ತದೆ. ನಿನ್ನ ಚೀಟಿಯಲ್ಲಿ ನಾಲ್ಕು ತಪ್ಪು ಇದ್ದಾಗ ನೀನು ಒಂಬತ್ತು ಸರಿ ಅಂತ ಹೇಗೆ ಹೇಳಿದೆ? ಅವರ ಕಿವಿ ಹೋಯಿತೆಂದು ನಾನು ದೀಪದ ಕೆಳಗೆ ಎರಡು ನಿಮಿಷದಲ್ಲಿ ತೀರ್ಮಾನಿಸಿದ್ದೆ. ಪೆನ್ಸಿಲು ನಿಧಾನವಾದಾಗಲೇ ತೀರ್ಮಾನಿಸಿದ್ದೆನೇನೋ. ನನ್ನ ಕೈಯ ಮೇಲೆ ಒಂದು ಕ್ಷಣ ಅನುಮಾನ ಬರಲಿಲ್ಲ. ಇದು ತಿಳಿದ ಮೇಲೆ ನಾನು ಯಾವತ್ತು 'ಸರಿಯಾಗಿದೆ' ಅಂದರೂ ಅವರು ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ವಯಸ್ಸಾಗುತ್ತ ಅವರ ಕಿವಿಗೆ ನಿಜವಾಗಿ ಮಂಕು ಬರುವ ದಿನ ಬಂದೇ ಬರುತ್ತದೆ. ಅಂದು ಹೇಳಬೇಕಾದವಳು ನಾನು. ಅವರು ನಂಬಬೇಕಾದದ್ದು ನನ್ನ ಮಾತು.

ನಡುಮನೆಗೆ ಹೋಗುವ ದಾರಿಯಲ್ಲಿ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಸಲ ತಿದ್ದಿದೆ. ಅದರಲ್ಲಿ ಸುಳ್ಳಾದ ಒಂದು ಪದವೂ ಇರಬಾರದಿತ್ತು.

"ರೀ, ಎಂಟನೇ ಸುತ್ತಲ್ಲಿ ಹಾಡಿದ್ದು ಕುಳ್ಳದ್ದೇ. ತಪ್ಪು ನನ್ನ ಚೀಟಿಯದ್ದು."

ಇಸ್ತ್ರಿ ಪೆಟ್ಟಿಗೆ ಅಂಗಿಯ ತೋಳಿನ ಬುಡದಲ್ಲಿ ನಿಂತಿತು. "ಈಗ ಹೇಗೆ ಗೊತ್ತಾಯ್ತು?"

"ಡಬ್ಬಿ ಬಿಚ್ಚುವಾಗ ತಿಳೀತು. ನಾನು ಬರೆದದ್ದು ಒಂದು, ಹಾಡಿದ್ದು ಇನ್ನೊಂದು."

"ಖಂಡಿತಾನಾ?"

"ಆಣೆ ಮಾಡಿ ಹೇಳ್ತೀನಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನೂ ನೋಡಿದೆ. ಆ ಮಾತಿನ ಮಟ್ಟಿಗೆ ನನಗೆ ಕಣ್ಣು ತಗ್ಗಿಸುವ ಕಾರಣವಿರಲಿಲ್ಲ. ಅಂಗಿ ಸುಟ್ಟ ವಾಸನೆ ಬಂದು ಅವರು ಇಸ್ತ್ರಿ ಪೆಟ್ಟಿಗೆ ಎತ್ತಿದರು. "ನನಗೆ ಗೊತ್ತಿತ್ತು! ಅನುಮಾನಾನೇ ಇರಲಿಲ್ಲ ಅಂತ ಹೇಳಿದೆನೋ ಇಲ್ವೋ? ಅಮ್ಮಾ, ಕೇಳಿದ್ಯಾ? ಹತ್ತಕ್ಕೆ ಹತ್ತು! ಊರವರ ಚುಕ್ಕೆ ತಿದ್ದೋಳು, ಹತ್ತು ಸಾಲು ನೆಟ್ಟಗೆ ಬರೆಯೋಕಾಗ್ಲಿಲ್ಲ ಇವಳಿಗೆ!"

ಅತ್ತೆ ಬಾಗಿಲಿಗೆ ಬಂದರು. "ಅವಳು ಬರೆಯೋದಿರಲಿ, ನೀನು ಅಂಗಿ ನೋಡು. ಕಂಕುಳಲ್ಲಿ ಕಿಟಕಿ ಇಟ್ಟಿದೀಯ. ನಾಳೆ ಏನು ಹಾಕ್ಕೊಂಡು ಹೋಗ್ತೀಯ ಆಫೀಸಿಗೆ?"

"ನೀಲಿದು ಹಾಕ್ಕೊಂಡು ಹೋಗ್ತೀನಿ" ಅಂದರು ಅವರು. ಮೇಜಿನ ಮೇಲಿದ್ದ ಪತ್ರವನ್ನು ತೆಗೆದು ಎರಡು ಸಲ ಮಡಿಸಿ, ಬಿಸಿ ಇಸ್ತ್ರಿ ಪೆಟ್ಟಿಗೆಯ ಅಡಿಗೆ ಇಟ್ಟರು. ಕಾಗದ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿತು.

ಸಂಜೆ ಅವರು ಕುಳ್ಳದವುಗಳ ನಡುವೆ ಕುರ್ಚಿ ಹಾಕಿಕೊಂಡು ಏನೋ ಹೊಸತನ್ನು ಹಚ್ಚಿದರು. ಅತ್ತೆ ಕೂಡ ಗೊಣಗುತ್ತಲೇ ಹೋಗಿ ಕೂತರು. ನನ್ನ ತಂಗಿ ಫೋನು ಮಾಡಿ, "ಏನಕ್ಕಾ, ಭಾವನ ಪರೀಕ್ಷೆ ಏನಾಯ್ತು?" ಎಂದು ಕೇಳಿದಳು. ಅವಳಿಗೆ ನಾನು ಎಲ್ಲವನ್ನೂ ಹೇಳುತ್ತೇನೆ, ಮದುವೆಗೆ ಮುಂಚಿನಿಂದಲೂ.

"ಪಾಸಾದ್ರು. ಹತ್ತಕ್ಕೆ ಹತ್ತು" ಅಂದೆ.

"ಮತ್ತೇನು ವಿಶೇಷ?"

ಎರಡು ಕಾಗದಗಳೂ ಕೈಚೀಲದ ತಳದಲ್ಲಿದ್ದವು. ಒಳಗೆ ಪಿಟೀಲು ಶುರುವಾಯಿತು. ಅವರು ತಲೆ ತಿರುಗಿಸದೆ, ನೆಟ್ಟಗೆ ಕೂತು ಕೇಳುತ್ತಿದ್ದರು. ಇವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿಂತಲ್ಲೇ ನಿರ್ಧರಿಸಿದೆ.

"ಏನೂ ಇಲ್ಲ" ಅಂದೆ. "ನಿನ್ನೆ ಹಾಲು ಉಕ್ಕಿಸಿಬಿಟ್ಟೆ, ಅಷ್ಟೇ."